ಮನೆಗೆ ‘ನರ್ಸ್’ ಕಳುಹಿಸುತ್ತೇವೆ ಎನ್ನುವವರಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ಬೆಳಿಗ್ಗೆ 120/80. ಸಂಜೆ 120/80. ಹದಿನಾರು ದಿನವೂ ಅದೇ. ನನ್ನ ಅಮ್ಮನ ರಕ್ತದೊತ್ತಡವನ್ನು ಮೂವತ್ತೆರಡು ಸಲ ಹೀಗೆ ಬರೆದ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಅಮ್ಮನಿಗೆ 74 ವರ್ಷ. ಪಾರ್ಶ್ವವಾಯು ಆಗಿ ಎಡಭಾಗದ ಸ್ವಾಧೀನ ತಪ್ಪಿತು. ಮೈಸೂರಿನ ಮನೆಯಲ್ಲಿ ಇರುವುದು ಅವರು ಮತ್ತು 80 ದಾಟಿದ ಅಪ್ಪ, ಇಬ್ಬರೇ. ನಾನು ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ದಿನಕ್ಕೆ ಎರಡು ಸಲ ಬಿಪಿ ನೋಡಬೇಕು. ಅಂದು ಅಮ್ಮನ ಬಿಪಿ 158/92 ಇತ್ತು.

ರೋಗಿಗಳ ಆರೈಕೆಗೆ ಜನ ಕಳುಹಿಸುವ ಒಂದು ಸಂಸ್ಥೆಗೆ ಕರೆ ಮಾಡಿದೆ. “ತರಬೇತಿ ಪಡೆದ ನರ್ಸ್ ಕಳುಹಿಸುತ್ತೇವೆ ಮೇಡಂ, ಇಪ್ಪತ್ತನಾಲ್ಕು ಗಂಟೆಯೂ ಮನೆಯಲ್ಲೇ ಇರುತ್ತಾರೆ, ನೀವು ನಿಶ್ಚಿಂತೆಯಿಂದ ಇರಿ” ಎಂದರು. ನೋಂದಣಿಗೆ 5,000, ಒಂದು ತಿಂಗಳ ಮುಂಗಡ 28,000. ಆ ನಿಶ್ಚಿಂತೆ ಎಂಬ ಮಾತಿಗೇ ನಾನು ದುಡ್ಡು ಕೊಟ್ಟೆ ಎಂದು ಈಗ ಅನ್ನಿಸುತ್ತದೆ. ಪ್ರತಿ ಸಂಜೆ ಆ ಪುಸ್ತಕದ ಪುಟದ ಫೋಟೋ ವಾಟ್ಸ್ಆ್ಯಪ್‌ಗೆ ಬರುತ್ತಿತ್ತು. 120/80 ನೋಡಿ ಸಮಾಧಾನಪಟ್ಟುಕೊಂಡೆ. ಕಚೇರಿಯಲ್ಲಿ ಲೆಕ್ಕಪರಿಶೋಧನೆಯ ಕೆಲಸವಿತ್ತು, ಎರಡು ಶನಿವಾರ ಮೈಸೂರಿಗೆ ಹೋಗಲಿಲ್ಲ. ತಮ್ಮನಿಗೆ ಫೋನ್ ಮಾಡಿ, “ಎಲ್ಲ ಚೆನ್ನಾಗಿ ನಡೆಯುತ್ತಿದೆ, ನೀನು ರಜೆ ಹಾಕಬೇಡ” ಎಂದೆ. ಆ ಮಾತನ್ನು ನೆನೆದರೆ ನಾಚಿಕೆಯಾಗುತ್ತದೆ.

ಹದಿನೇಳನೆಯ ದಿನ ಹೋದೆ. ಅಮ್ಮನ ಮುಖ ಕಂಡು ಯಾಕೋ ಸರಿ ಅನ್ನಿಸಲಿಲ್ಲ. “ಒಂದು ಸಲ ನನ್ನ ಮುಂದೆ ಬಿಪಿ ನೋಡಮ್ಮ” ಎಂದೆ. ಸಂಸ್ಥೆ ಕಳುಹಿಸಿದ್ದ ಹುಡುಗಿ ನಿಂತಲ್ಲೇ ನಿಂತಳು. ನಾನೇ ಅಲಮಾರಿಯಿಂದ ಯಂತ್ರ ತೆಗೆದೆ. ಡಬ್ಬಕ್ಕೆ ಅಂಗಡಿಯವರು ಅಂಟಿಸಿದ್ದ ಟೇಪನ್ನು ಬಿಚ್ಚಿಯೇ ಇರಲಿಲ್ಲ. ಬ್ಯಾಟರಿ ಹಾಕಿರಲಿಲ್ಲ. ಹದಿನಾರು ದಿನ! ನಾನು ಪ್ರತಿದಿನ ಆ ಫೋಟೋಕ್ಕೆ ಧನ್ಯವಾದ ಎಂದು ಉತ್ತರ ಬರೆದಿದ್ದೇನೆ.

ಅವಳು ಅತ್ತುಬಿಟ್ಟಳು. “ಅಕ್ಕ, ಇದನ್ನು ಹೇಗೆ ಕಟ್ಟುವುದು ಎಂದು ನನಗೆ ಗೊತ್ತಿಲ್ಲ. 120/80 ಎಂದು ಬರೆದು ಫೋಟೋ ಕಳುಹಿಸು ಎಂದು ಆಫೀಸಿನವರು ಹೇಳಿದರು.” ಎರಡು ತಿಂಗಳ ಹಿಂದಿನವರೆಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳಂತೆ. ನನ್ನ 28,000ದಲ್ಲಿ ಅವಳಿಗೆ ಸಿಗುವುದು 13,000. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳೂ ಮೋಸಹೋದವಳೇ.

ಅಮ್ಮನನ್ನು ಮಗ್ಗುಲಿಗೆ ಹೊರಳಿಸಿದೆ. ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಮೇಲೆ ಅಂಗೈ ಅಗಲದ ಹುಣ್ಣು. ರಾತ್ರಿ ಮಗ್ಗುಲು ಬದಲಾಯಿಸಲು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಅಪ್ಪ ಒಬ್ಬರೇ ಎದ್ದು ಹೊರಳಿಸಲು ನೋಡಿದ್ದಾರೆ, ಅವರ ಕೈಯಲ್ಲಿ ಆಗಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. “ನಿನಗೆ ಅಲ್ಲಿ ಕೆಲಸದ ತಾಪತ್ರಯ, ಮತ್ತೆ ಇದೂ ಯಾಕೆ ಎಂದು ಸುಮ್ಮನಿದ್ದೆ” ಎಂದರು. ಯಂತ್ರಕ್ಕೆ ಬ್ಯಾಟರಿ ಹಾಕಿ ನೋಡಿದೆ: 172/98.

ಸಂಸ್ಥೆಗೆ ಕರೆ ಮಾಡಿದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

“ವಯಸ್ಸಾದವರಿಗೆ ಹುಣ್ಣು ಆಗಿಯೇ ಆಗುತ್ತದೆ ಮೇಡಂ.” ಇಲ್ಲ. ಬಹುಪಾಲು ಹಾಸಿಗೆ ಹುಣ್ಣುಗಳನ್ನು ತಡೆಯಬಹುದು, ಅದಕ್ಕೇ ಮಗ್ಗುಲು ಬದಲಾಯಿಸಿ ಎಂದು ವೈದ್ಯರು ಬರೆದುಕೊಟ್ಟಿದ್ದು.

“ನರ್ಸ್ ಎಂದು ನಾವು ಎಲ್ಲಿ ಹೇಳಿದ್ದೇವೆ? ರಸೀದಿ ನೋಡಿ.” ನೋಡಿದೆ. ‘ಕೇರ್‌ಟೇಕರ್’ ಎಂದಿತ್ತು. ಫೋನಿನಲ್ಲಿ ನರ್ಸ್, ಕಾಗದದಲ್ಲಿ ಕೇರ್‌ಟೇಕರ್. ದುಡ್ಡು ಕೊಡುವಾಗ ನಾನು ರಸೀದಿಯನ್ನು ಓದಿರಲಿಲ್ಲ.

“ಬದಲಿ ಜನ ಕಳುಹಿಸುತ್ತೇವೆ, ಹಣ ವಾಪಸ್ ಇಲ್ಲ. ಏನಿದ್ದರೂ ಬೆಂಗಳೂರಿನಲ್ಲೇ ಕೇಸ್ ಹಾಕಬೇಕು.”

ಕೊನೆಗೆ ಇದು: “ಅಷ್ಟು ಕಾಳಜಿ ಇದ್ದರೆ ನೀವೇ ಬಂದು ನೋಡಿಕೊಳ್ಳಬಹುದಿತ್ತಲ್ಲ ಮೇಡಂ.” ಫೋನ್ ಇಟ್ಟು ಅಡುಗೆಮನೆಯಲ್ಲಿ ಕುಳಿತು ಅತ್ತೆ. ದೂರ ಇರುವ ಮಕ್ಕಳ ಗಾಯ ಎಲ್ಲಿದೆ ಎಂದು ಇವರಿಗೆ ಚೆನ್ನಾಗಿ ಗೊತ್ತು, ಅಲ್ಲಿಗೇ ಚುಚ್ಚುತ್ತಾರೆ.

ದಯವಿಟ್ಟು ಕೇಳಿ. ನರ್ಸ್ ಎಂದರೆ ಶುಶ್ರೂಷೆ ಓದಿದವರು. ಅದರಲ್ಲಿ ಜಿಎನ್‌ಎಂ ಮೂರು ವರ್ಷದ ಕೋರ್ಸ್, ಎಎನ್‌ಎಂ ಎರಡು ವರ್ಷದ್ದು. ಓದಿ ಮುಗಿಸಿದವರಿಗೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳಿ, ಕೊಡದಿದ್ದರೆ ಬರುವವರು ನರ್ಸ್ ಅಲ್ಲ ಎಂದೇ ತಿಳಿಯಿರಿ. ನಿಮ್ಮ ಮುಂದೆಯೇ ಬಿಪಿ ನೋಡಿಸಿ, ಮಗ್ಗುಲು ಬದಲಾಯಿಸಲು ಹೇಳಿ, ಆಮೇಲೆ ದುಡ್ಡು. ಫೋಟೋ ನಂಬಬೇಡಿ, ವಿಡಿಯೋ ಕರೆ ಮಾಡಿ, ಯಂತ್ರದ ಅಂಕಿ ತೋರಿಸಿ ಎನ್ನಿ. ಅಪ್ಪ ಅಮ್ಮ “ಎಲ್ಲ ಚೆನ್ನಾಗಿದೆ” ಎಂದರೆ ಅದನ್ನೂ ಪೂರ್ತಿ ನಂಬಬೇಡಿ.

ಬೆಂಗಳೂರಿನಲ್ಲೇ ಕೇಸ್ ಹಾಕಬೇಕು ಎನ್ನುವುದು ಬರೀ ಬೆದರಿಕೆ. ನಾನು ಇರುವುದು ಅಲ್ಲೇ, ಆದರೆ ಬೇರೆ ಊರಿನವರೂ ಇದಕ್ಕೆ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೂ ಇಲ್ಲ. ಗ್ರಾಹಕ ಸಹಾಯವಾಣಿ 1915, ಹಿರಿಯರ ಸಹಾಯವಾಣಿ 14567. ನಾನು 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ರಸೀದಿ, ಸಂದೇಶಗಳು, ಆ ಪುಸ್ತಕ, ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಹುಣ್ಣಿಗೆ ದಿನವೂ ಡ್ರೆಸ್ಸಿಂಗ್ ನಡೆಯುತ್ತಿದೆ. ಬಟ್ಟೆ ತೆಗೆಯುವಾಗ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಆ ಮೊದಲ ವಾರ, ಎಲ್ಲ ಚೆನ್ನಾಗಿದೆ ಎಂಬ ಭ್ರಮೆಯಲ್ಲಿ, ಇದೇ ಸಂಸ್ಥೆಯ ನಂಬರನ್ನು ಇಬ್ಬರು ಸಹೋದ್ಯೋಗಿಗಳಿಗೆ ಕೊಟ್ಟಿದ್ದೆ. ನಿನ್ನೆ ಇಬ್ಬರಿಗೂ ಕರೆ ಮಾಡಿದೆ. ಒಬ್ಬರು ಆಗಲೇ ಮುಂಗಡ ಕಟ್ಟಿದ್ದಾರೆ.