ಗಾಯ ತೋರಿಸಲೊಲ್ಲದ ವೀರ: 'ಕೋರಿಯೊಲೇನಸ್' ರಂಗಪ್ರಯೋಗದ ಚಿತ್ರೀಕರಣ

ಲಂಡನ್ನಿನ ರಂಗಮಂದಿರವಾದ ಡಾನ್ಮರ್ ವೇರ್‌ಹೌಸ್‌ನಲ್ಲಿ ಜೋಸಿ ರೂರ್ಕ್ ನಿರ್ದೇಶಿಸಿದ ಷೇಕ್ಸ್‌ಪಿಯರನ 'ಕೋರಿಯೊಲೇನಸ್' ನಾಟಕವನ್ನು ನ್ಯಾಷನಲ್ ಥಿಯೇಟರ್ ಲೈವ್ 2014ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ನೇರಪ್ರಸಾರ ಮಾಡಿತ್ತು. ಅದರ ಚಿತ್ರೀಕರಣವನ್ನು ನೋಡಿ ಮುಗಿಸಿದಾಗ, ಈ ನಾಯಕನ ದೋಷವನ್ನು 'ಅಹಂಕಾರ' ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ರೂಢಿ ಬಹಳ ಅವಸರದ್ದೆಂದು ನನಗೆ ಅನ್ನಿಸಿತು.

ರೋಮಿನ ಸೇನಾನಿ ಕೇಯಸ್ ಮಾರ್ಷಿಯಸ್ ಶತ್ರುಗಳ ಕೊರಿಯೊಲೈ ನಗರವನ್ನು ಗೆದ್ದು, ಆ ಊರಿನ ಹೆಸರನ್ನೇ ಬಿರುದಾಗಿ ಪಡೆಯುತ್ತಾನೆ. ರೋಮಿನ ಅತ್ಯುನ್ನತ ಅಧಿಕಾರ ಪದವಿಯಾದ ಕಾನ್ಸಲ್ ಆಗಬೇಕಾದರೆ ಅವನು ಒರಟು ನಿಲುವಂಗಿ ತೊಟ್ಟು ಮಾರುಕಟ್ಟೆಯಲ್ಲಿ ನಿಂತು, ಮೈಮೇಲಿನ ಗಾಯಗಳನ್ನು ತೋರಿಸಿ ಜನರ ಬೆಂಬಲವನ್ನು ಬೇಡಬೇಕು. ಗಾಯ ತೋರಿಸಲು ಅವನು ಒಪ್ಪುವುದಿಲ್ಲ. ಇದು ಬರೀ ಸೊಕ್ಕಲ್ಲ. ತಾನು ಮಾಡಿದ್ದಕ್ಕೆ ಇನ್ನೊಬ್ಬರ ಮೆಚ್ಚುಗೆ ಬೇಕಾಗಿದೆ ಎಂದು ಒಪ್ಪಿಕೊಳ್ಳುವುದೇ ಅವನಿಗೆ ಸೋಲಿನಂತೆ ಕಾಣುತ್ತದೆ. ಟಾಮ್ ಹಿಡಲ್‌ಸ್ಟನ್ ಈ ಸಂಕಟವನ್ನು ಚೆನ್ನಾಗಿ ಹಿಡಿದಿದ್ದಾರೆ. ಅವರ ತಿರಸ್ಕಾರದ ಮಾತಿನ ಅಡಿಯಲ್ಲಿ ನಾಚಿಕೆಯೂ ಇದೆ. ಯುದ್ಧದ ನಂತರ ಮೇಲಿನಿಂದ ಸುರಿಯುವ ನೀರಿನ ಕೆಳಗೆ ಗಾಯ ತೊಳೆದುಕೊಳ್ಳುತ್ತ ನೋವಿನಿಂದ ನರಳುವ ದೃಶ್ಯದಲ್ಲಿ, ಜನರಿಗೆ ಅವನು ತೋರಿಸಲೊಲ್ಲದ್ದನ್ನು ನಾವು ಮೊದಲೇ ನೋಡಿಬಿಟ್ಟಿರುತ್ತೇವೆ. ಈ ಯೋಜನೆ ಜಾಣತನದ್ದು; ಆದರೆ ಅವನ ಮೇಲೆ ತೀರ್ಪು ಕೊಡುವ ಮೊದಲೇ ನಮ್ಮಲ್ಲಿ ಕನಿಕರ ಹುಟ್ಟಿಸಿಬಿಡುತ್ತದೆ ಎಂಬ ಆಕ್ಷೇಪಣೆ ನನ್ನದು.

ಏಕೆಂದರೆ ಮೂಲ ನಾಟಕ ಅವನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕೊರಿಯೊಲೈಯಲ್ಲಿ ತನಗೆ ಹಿಂದೊಮ್ಮೆ ಆಶ್ರಯ ಕೊಟ್ಟಿದ್ದ ಬಡವನೊಬ್ಬನನ್ನು ಸೆರೆಯಿಂದ ಬಿಡಿಸಬೇಕೆಂದು ಅವನು ಕೇಳುತ್ತಾನೆ. ಹೆಸರೇನೆಂದು ಕೇಳಿದರೆ, ಮರೆತುಹೋಗಿದೆ ಎನ್ನುತ್ತಾನೆ. ಅವನ ಔದಾರ್ಯ ನಿಜ, ಆದರೆ ಎದುರಿಗಿರುವ ಮನುಷ್ಯ ಅದರಲ್ಲಿ ಇಲ್ಲ. ಸಾಮಾನ್ಯರ ಬಗ್ಗೆ ಅವನಿಗಿರುವ ಕುರುಡು ಇದೇ. ಪುಟ್ಟ ರಂಗಮಂಚದ ಮೇಲೆ ನಾಗರಿಕರ ಪಾತ್ರಕ್ಕೆ ಕೆಲವೇ ನಟರಿರುವುದರಿಂದ, ಇಡೀ ನಗರದೊಡನೆ ನಡೆಯಬೇಕಾದ ಜಗಳ ನಾಲ್ಕಾರು ಜನರೊಡನೆ ನಡೆದ ಮನಸ್ತಾಪದಂತೆ ತೋರುವುದು ಈ ಪ್ರಯೋಗದ ದೊಡ್ಡ ಕೊರತೆ.

ಡೆಬೊರಾ ಫಿಂಡ್ಲೆ ಅಭಿನಯಿಸಿರುವ ತಾಯಿ ವೊಲಮ್ನಿಯಾ ಈ ದೋಷಗಳ ಮೂಲವನ್ನು ಬಿಚ್ಚಿಡುತ್ತಾಳೆ. ಮಗನ ಗಾಯಗಳನ್ನು ಲೆಕ್ಕ ಹಾಕಿ ಹಿಗ್ಗುವವಳು ಅವಳು. ಆ ಲೆಕ್ಕ ನಾಟಕದಲ್ಲಿ 27ಕ್ಕೆ ಮುಟ್ಟುತ್ತದೆ. ಬಾಗಬೇಡ ಎಂದು ಬೆಳೆಸಿದವಳೇ, ಪದವಿಯ ಮಾತು ಬಂದಾಗ ಸ್ವಲ್ಪ ನಟಿಸು ಎನ್ನುತ್ತಾಳೆ. ಛಲ ಎಂದೊಡನೆ ನಮಗೆ ನೆನಪಾಗುವ ದುರ್ಯೋಧನ ಗಾಂಧಾರಿಯ ಮಾತಿಗೂ ಜಗ್ಗಲಿಲ್ಲ. ಇವನಾದರೋ ರೋಮಿನಿಂದ ಗಡೀಪಾರಾಗಿ, ಶತ್ರುಗಳನ್ನು ಸೇರಿ ರೋಮಿನ ಮೇಲೆಯೇ ದಂಡೆತ್ತಿ ಬಂದವನು, ತಾಯಿಯ ಮಾತಿಗೆ ಮಣಿದು ಅವಳ ಕೈ ಹಿಡಿದು ಮೌನವಾಗಿ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಹಿಡಲ್‌ಸ್ಟನ್ ಅವರ ಕಣ್ಣೀರು ಎಲ್ಲಿಯೂ ಅತಿಯಾಗುವುದಿಲ್ಲ. ನಾಯಕನ ಹಿರಿಯ ಗೆಳೆಯ ಮೆನೇನಿಯಸ್ ಪಾತ್ರದ ಮಾರ್ಕ್ ಗೇಟಿಸ್ ಹದವಾಗಿ ನಟಿಸಿದ್ದಾರೆ.

ಕೊನೆಯಲ್ಲಿ ಶತ್ರುನಾಯಕ ಆಫಿಡಿಯಸ್ ಅವನನ್ನು ಕೊಲ್ಲಿಸುವ ಮೊದಲು 'ಹುಡುಗ' ಎಂದು ಹೀಯಾಳಿಸುತ್ತಾನೆ. ದ್ರೋಹಿ ಎಂಬ ಆರೋಪಕ್ಕಿಂತ ಹೆಚ್ಚಾಗಿ ಅವನನ್ನು ಕೆರಳಿಸುವುದು ಆ ಒಂದು ಪದ. ಈ ಪ್ರಯೋಗದಲ್ಲಿ ದೇಹವನ್ನು ತಲೆಕೆಳಗಾಗಿ ನೇತುಹಾಕಿ, ರಕ್ತ ಆಫಿಡಿಯಸ್‌ನ ಮೇಲೆ ತೊಟ್ಟಿಕ್ಕುವಂತೆ ಮಾಡಿದ್ದಾರೆ. ಕಣ್ಣೆಲ್ಲ ಅತ್ತಲೇ ಹೋಗಿ, ಅವನನ್ನು ನಿಜವಾಗಿ ಕೊಂದ ಆ ಪದ ಕಿವಿಯಿಂದ ಜಾರಿಹೋಗುತ್ತದೆ.