ಟೆಸ್ಟ್ ಡೇಟಾಬೇಸ್ ಬೇಗ ಏಳಬೇಕಾ? ಎಸ್‌ಎಸ್‌ಡಿ, ಹಳೇ ವಾಲ್ಯೂಮ್, ಇಲ್ಲಾ ಒಂದೇ ಸಾಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆ ಒಂದೇ ಸಾಲಿಗೆ. ಡಾಕರ್ (ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಓಡಿಸುವ ಮೈಎಸ್‌ಕ್ಯೂಎಲ್ ಇಮೇಜಿಗೆ, ಅಂದರೆ ಆ ಡೇಟಾಬೇಸಿನ ಸಿದ್ಧ ಪ್ಯಾಕೇಜಿಗೆ, ‘ಮೈಎಸ್‌ಕ್ಯೂಎಲ್_ಇನಿಟ್‌ಡಿಬಿ_ಸ್ಕಿಪ್_ಟಿಜೆಡ್‌ಇನ್ಫೋ’ ಅಂತ ಸೆಟ್ಟಿಂಗ್ ಒಂದಿದೆ. ಅದಕ್ಕೆ ಏನಾದರೂ ಒಂದು ವ್ಯಾಲ್ಯೂ ಕೊಟ್ಟರೆ ಸಾಕು. ಹೊಸ ಡೇಟಾಬೇಸ್ ಏಳುವಾಗ ಲೋಕದ ಟೈಮ್‌ಝೋನ್‌ಗಳನ್ನೆಲ್ಲ ಟೇಬಲ್ಲಿಗೆ ತುಂಬುವ ಕೆಲಸ ತಪ್ಪುತ್ತದೆ. ಉಡುಪಿಯಲ್ಲಿ ಕೂತು ಮಲ್ಪೆಯ ಮೀನು ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನಿಗೆ ಅಂಟಾರ್ಕ್ಟಿಕಾದ ಗಡಿಯಾರ ಯಾಕೆ, ಅಲ್ವಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನನಗೆ ಅದೇ ಕೋಡ್ ತಿದ್ದುವ ಸೀಸನ್. ಟೆಸ್ಟ್ ಓಡಿಸಿದಾಗಲೆಲ್ಲ ಹೊಸ ಡೇಟಾಬೇಸ್ ಬೇಕು, ಕಾಯುವುದೇ ಜಾಸ್ತಿ.

ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದೆ. ಉಳಿದದ್ದೆಲ್ಲ ಚುರುಕಾಯಿತು. ಡೇಟಾಬೇಸ್ ಮಾತ್ರ ಅದೇ ಬೇಡದ ಕೆಲಸವನ್ನು ಸ್ವಲ್ಪ ಬೇಗ ಮಾಡುತ್ತದೆ, ಅಷ್ಟೇ.

ಹಳೇ ವಾಲ್ಯೂಮ್, ಅಂದರೆ ಡೇಟಾ ಕೂತಿರುವ ಫೋಲ್ಡರ್, ಉಳಿಸಿಕೊಂಡರೆ ತಟ್ಟನೆ ಏಳುತ್ತದೆ, ನಿಜ. ಆದರೆ ಫೋಲ್ಡರ್ ಖಾಲಿ ಇಲ್ಲದಿದ್ದರೆ ಟೇಬಲ್ ಕಟ್ಟುವ ಇನಿಟ್ ಸ್ಕ್ರಿಪ್ಟುಗಳು ಓಡುವುದೇ ಇಲ್ಲ. ಹೊಸ ಕಾಲಂ ಸೇರಿಸಿದರೂ ಒಳಗಿರುವುದು ಹಳೇ ಟೇಬಲ್, ನಿನ್ನೆಯ ಟೆಸ್ಟಿನ ಕಸ ಸಮೇತ.

ಇನ್ನು ನನ್ನ ಮೆಚ್ಚಿನ ಸಾಲಿನ ಕಿರಿಕಿರಿ. ಮೀನಿನ ಬಿಲ್ಲು ಬೆಳಕು ಹರಿಯುವ ಮೊದಲೇ ಶುರು. ಬೆಳಗಿನ ಜಾವ 4 ಗಂಟೆಯ ಬಿಲ್ಲು ಯುಟಿಸಿಯಲ್ಲಿ (ಜಗತ್ತಿನ ಮೂಲ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಹಿಂದಿನ ರಾತ್ರಿ 10.30ರದ್ದು. ಅದಕ್ಕೇ ಕನ್ವರ್ಟ್_ಟಿಜೆಡ್ ಎಂಬ ಫಂಕ್ಷನ್ ಬಳಸಿ ‘ಯುಟಿಸಿ’ಯಿಂದ ‘ಏಷ್ಯಾ/ಕೋಲ್ಕತಾ’ಗೆ, ಅಂದರೆ ನಮ್ಮ ಸಮಯಕ್ಕೆ, ತಿರುಗಿಸುವುದು. ಟೈಮ್‌ಝೋನ್ ಟೇಬಲ್ ಖಾಲಿ ಇದ್ದರೆ ಆ ಫಂಕ್ಷನ್ನಿಗೆ ಈ ಹೆಸರುಗಳು ಗೊತ್ತಿರುವುದಿಲ್ಲ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ! ಎರರ್ ಇಲ್ಲ, ಸುಮ್ನೆ ‘ನಲ್’ (ಏನೂ ಇಲ್ಲ) ಕೊಡುತ್ತದೆ. ಇವತ್ತಿನ ಬಿಲ್ಲು ಹುಡುಕಿದರೆ ಒಂದೂ ಇಲ್ಲ. ಇನ್ಸರ್ಟ್ ನೋಡಿದರೆ ಸರಿ, ಬಿಲ್ಲಿನ ಟೇಬಲ್ಲಿನಲ್ಲಿ ಸಾಲುಗಳೂ ಇವೆ, ರಿಪೋರ್ಟ್ ಮಾತ್ರ ಬೋಳು. ಸೆಷನ್ನಿಗೇ (ಡೇಟಾಬೇಸ್ ಜೊತೆಗಿನ ಸಂಪರ್ಕಕ್ಕೇ) ಆ ಟೈಮ್‌ಝೋನ್ ಹೆಸರು ಸೆಟ್ ಮಾಡಲು ಹೋದಾಗಲಷ್ಟೇ ‘ಅನ್‌ನೋನ್’ ಎಂದು ಬೈಯುತ್ತದೆ.

ಮದ್ದು ಸಣ್ಣದು. ಹೆಸರಿನ ಬದಲು ‘+00:00’, ‘+05:30’ ಎಂದು ಬರೆಯುವುದು. ಇದಕ್ಕೆ ಟೇಬಲ್ ಬೇಡ. ‘ಯುಟಿಸಿ’ ಅನ್ನುವುದೂ ಹೆಸರೇ, ಅದನ್ನೂ ಬದಲಿಸಬೇಕು. ನಮ್ಮಲ್ಲಿ ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ವರ್ಷವಿಡೀ ಲೆಕ್ಕ ಸರಿ.

ಖರ್ಚು ಸೊನ್ನೆ. ನಾಳೆ ದುಬೈಯ ಗ್ರಾಹಕ ಬಂದರೂ ‘+04:00’ ಸಾಕು. ಬೇಸಿಗೆಗೆ ಗಡಿಯಾರ ತಿರುಗಿಸುವ ಲಂಡನ್ನಿನವರು ಬಂದರೆ ಮಾತ್ರ ಆ ಸಾಲು ಅಳಿಸುತ್ತೇನೆ.