ಹುಣಸೆಬೀಜ, ಇಡ್ಲಿ-ವಡೆ, ಜರಡಿ, ಮರ: ಅಪವರ್ತನ ಹೇಳ್ಕೊಡೋಕೆ ಯಾವ್ದು ವಾಸಿ?

ಸಂಜೆ ಮನೇಲಿ ಐದು-ಆರನೇ ಕ್ಲಾಸ್ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತೀನಿ. ಕನ್ನಡ ಮೀಡಿಯಂನೋರೂ ಇದಾರೆ ಇಂಗ್ಲಿಷ್ ಮೀಡಿಯಂನೋರೂ ಇದಾರೆ, ಆದ್ರೆ ಅಪವರ್ತನ-ಅಪವರ್ತ್ಯ ಅನ್ನಿ, ಫ್ಯಾಕ್ಟರ್-ಮಲ್ಟಿಪಲ್ ಅನ್ನಿ, ಅದಲು ಬದಲು ಮಾಡೋದ್ರಲ್ಲಿ ಎಲ್ರೂ ಒಂದೇ. 12ರ ಅಪವರ್ತನ ಬರಿ ಅಂದ್ರೆ, 12ನ್ನ ಶೇಷ ಇಲ್ದೆ ಭಾಗಿಸೋ 1, 2, 3, 4, 6, 12 ಬಿಟ್ಟು, ಅಪವರ್ತ್ಯ 12, 24, 36 ಅಂತ ಮಗ್ಗಿ ಬರ್ದಿಟ್ಟು ಎದ್ದು ಹೋಗ್ತಾರೆ. ಡೆಫಿನಿಷನ್ ಬಾಯಿಪಾಠ ಮಾಡ್ಸೋದ್ರಿಂದ ಇದು ಹೋಗಲ್ಲ, ಬೇರೆ ಬೇರೆ ದಾರಿ ಹಿಡಿದು ನೋಡಿದೀನಿ, ಯಾವ್ದು ಎಲ್ಲಿವರೆಗೆ ಕೆಲಸಕ್ಕೆ ಬರುತ್ತೆ ಅಂತ ಹೇಳ್ತೀನಿ.

ನನ್ನ ವೋಟು ಮೊದ್ಲು ಹುಣಸೆಬೀಜಕ್ಕೆ. 36 ಬೀಜ ಕೊಟ್ಟು, ಒಂದೂ ಮಿಗದ ಹಾಗೆ ಸಾಲು ಸಾಲಾಗಿ ಆಯತ ಜೋಡ್ಸು ಅನ್ನಿ. ಒಂದೇ ಸಾಲಲ್ಲಿ 36, ಎರಡು ಸಾಲಲ್ಲಿ 18, ಆಮೇಲೆ 3×12, 4×9. ಐದು ಸಾಲು ಮಾಡೋಕೆ ಹೋದ್ರೆ ಒಂದು ಬೀಜ ಕೈಯಲ್ಲೇ ಉಳಿಯುತ್ತೆ, ಅಲ್ಲಿಗೆ 5 ಔಟ್. 6×6 ಆದ್ಮೇಲೆ 9 ಸಾಲು ಮಾಡಿದ್ರೆ 4×9 ಅನ್ನೇ ತಿರುಗ್ಸಿ ಇಟ್ಟಂಗಾಗುತ್ತೆ, ಇನ್ನು ಹೊಸದು ಬರಲ್ಲ ಅಂತ ಮಕ್ಕಳೇ ಹೇಳ್ತಾರೆ. ಪಟ್ಟಿ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಇಷ್ಟು ಚೆನ್ನಾಗಿ ಬೇರೆ ಯಾವ ವಿಧಾನದಲ್ಲೂ ಕಾಣಲ್ಲ. 6×6ರಲ್ಲಿ ಜೋಡಿ ಇಲ್ದೆ 6 ಒಂದೇ ಸಲ ಬರೋದ್ರಿಂದ 36ಕ್ಕೆ ಅಪವರ್ತನ 9, ಅಂದ್ರೆ ಬೆಸ. ವರ್ಗಸಂಖ್ಯೆ ಎಲ್ಲಕ್ಕೂ ಹೀಗೇ ಅಂತ 16, 25 ಇಟ್ಟು ನೋಡ್ಕೋತಾರೆ. ಇನ್ನು 13 ಬೀಜ ಕೊಟ್ರೆ ಎಷ್ಟು ಒದ್ದಾಡಿದ್ರೂ ಒಂದೇ ಉದ್ದ ಸಾಲು, ಅವಿಭಾಜ್ಯ ಅಂದ್ರೇನು ಅಂತ ಅಲ್ಲಿಗೆ ಕೈಗೇ ಗೊತ್ತಾಗಿರುತ್ತೆ. ಮೈನಸ್ ಏನಂದ್ರೆ 50 ದಾಟಿದ್ರೆ ಬೀಜ ಎಣಿಸೋದೇ ಕೆಲ್ಸ ಆಗುತ್ತೆ, ಜೊತೆಗೆ ತಮ್ಮ ತಂಗಿ ಇದ್ರೆ ಬೀಜ ಬಾಯಿಗೆ ಹೋಗ್ದಂಗೆ ನೋಡ್ಕೋಬೇಕು.

ಇಡ್ಲಿ-ವಡೆ ಆಟ 2024ರಲ್ಲಿ ಬಂದ ಎನ್‌ಸಿಇಆರ್‌ಟಿ ಆರನೇ ಕ್ಲಾಸ್ ಪುಸ್ತಕದಲ್ಲೂ ಇದೆ. ಸುತ್ತ ಕೂತು ಎಣಿಸ್ತಾ ಹೋಗೋದು, 3ರ ಅಪವರ್ತ್ಯ ಬಂದ್ರೆ ಇಡ್ಲಿ, 5ರದ್ದು ಬಂದ್ರೆ ವಡೆ, ಎರಡೂ ಆದ್ರೆ ಇಡ್ಲಿ-ವಡೆ. 15, 30, 45ಕ್ಕೆ ಎಲ್ರೂ ಒಟ್ಟಿಗೆ ಕೂಗ್ತಾರೆ, ಲ.ಸಾ.ಅ. (ಎರಡಕ್ಕೂ ಸೇರಿದ ಅತಿ ಚಿಕ್ಕ ಅಪವರ್ತ್ಯ) ಅನ್ನೋ ಹೆಸರು ಹೇಳೋ ಮುಂಚೇನೇ ವಿಷಯ ತಲೆಗೆ ಹೋಗಿರುತ್ತೆ. 3-5 ಆದ್ಮೇಲೆ 4-6 ಆಡ್ಸಿ ನೋಡಿ, ಎಲ್ರೂ 24ಕ್ಕೆ ಕಾಯ್ತಿರ್ತಾರೆ, 12ಕ್ಕೇ ಸಿಕ್ಕಿಹಾಕ್ಕೋತಾರೆ! ಆದ್ರೆ ಅವಿಭಾಜ್ಯ ಸಂಖ್ಯೆಗೆ ಈ ಆಟದಿಂದ ಏನೂ ಸಹಾಯ ಇಲ್ಲ, ಒಬ್ಬನೇ ಮಗು ಇದ್ರೆ ಆಡೋಕೂ ಬೇಜಾರು.

ಜರಡಿ ಅಂದ್ರೆ 1ರಿಂದ 100 ಬರ್ದು 2, 3, 5, 7ರ ಮಗ್ಗಿ ಹೊಡ್ದು ಹಾಕೋದು, ಎರಟೋಸ್ತನೀಸ್ ಅನ್ನೋ ಗ್ರೀಕರ ಹೆಸರಲ್ಲಿದೆ, ಕ್ರಿ.ಪೂ. 3ನೇ ಶತಮಾನದೋರು, ಭೂಮಿ ಸುತ್ತಳತೆ ಲೆಕ್ಕ ಹಾಕಿದ್ದೂ ಅವ್ರೇ. ಎಲ್ರೂ ಹತ್ತು ಹತ್ತರ ಚೌಕದಲ್ಲಿ ಮಾಡ್ಸ್ತಾರೆ, ನೀವು ಒಂದು ಸಾಲಿಗೆ ಆರೇ ಸಂಖ್ಯೆ ಬರೆಸಿ. 2 ಮತ್ತು 3 ಬಿಟ್ಟು ಎರಡು, ಮೂರು, ನಾಕು, ಆರನೇ ಕಂಬ ಪೂರ್ತಿ ಸ್ಕೇಲ್ ಇಟ್ಟು ಒಂದೇ ಗೆರೇಲಿ ಹೋಗುತ್ತೆ, 5ರದ್ದು ಎಡಕ್ಕೆ ಓರೆಯಾಗಿ ಇಳಿಯುತ್ತೆ, 7ರದ್ದು ಬಲಕ್ಕೆ. 1ನೇ ಮತ್ತು 5ನೇ ಕಂಬದಲ್ಲಿ ಹೊಡೆಯೋಕೆ ಉಳಿಯೋದು 25, 35, 49, 55, 65, 77, 85, 91, 95 ಅಷ್ಟೇ, 91 ಏಳು ಹದಿಮೂರ್ಲಿ ಅಂತ ಗೊತ್ತಾದಾಗ ಮುಖ ನೋಡ್ಬೇಕು. ಕೊನೆಗೆ 25 ಅವಿಭಾಜ್ಯ ಸಿಗ್ತವೆ. 7ಕ್ಕೇ ಯಾಕೆ ನಿಲ್ಸಿದ್ದು ಅಂತ ಮಾತ್ರ ಕೇಳ್ಲೇಬೇಕು, 11ರಿಂದ ಹೊಸದಾಗಿ ಹೊಡೆಯೋದು ಶುರುವಾಗೋದು 11×11ಕ್ಕೆ, ಅದು 121, ಚಾರ್ಟಿನ ಆಚೆ. ಇದನ್ನ ಕೇಳ್ದೇ ಬಿಟ್ರೆ ಜರಡಿ ಬರೀ ಬಣ್ಣ ಹಚ್ಚೋ ಕೆಲ್ಸ, ಅಂಗಡೀಲಿ ಸಿಗೋ ರೆಡಿಮೇಡ್ ಪ್ರೈಮ್ ನಂಬರ್ ಚಾರ್ಟಂತೂ ಗೋಡೆ ಅಂದಕ್ಕೆ.

ಮಿಸ್, 1 ಯಾಕೆ ಅವಿಭಾಜ್ಯ ಅಲ್ಲ ಅಂತ ಒಬ್ರಾದ್ರೂ ಕೇಳೇ ಕೇಳ್ತಾರೆ. ಬೀಜದಲ್ಲಿ ಇದಕ್ಕೆ ಉತ್ತರ ಸರಿಯಾಗಿ ಸಿಗಲ್ಲ, ಒಂದು ಬೀಜಕ್ಕೂ ಒಂದೇ ಆಯತ ತಾನೇ. ಜರಡೀಲಿ 1ನ್ನ ಮೊದ್ಲೇ ಹೊಡ್ದುಬಿಡಿ ಅಂತೀವಿ, ಕಾರಣ ಹೇಳಲ್ಲ. ಸಂಖ್ಯೆನ ಎರಡೆರಡು ಅಪವರ್ತನವಾಗಿ ಒಡೀತಾ, ಕೆಳಗೆ ಬರೀ ಅವಿಭಾಜ್ಯ ಉಳಿಯೋವರೆಗೆ ಹೋಗೋ ಅಪವರ್ತನ ಮರ ಇಲ್ಲಿ ಗೆಲ್ಲುತ್ತೆ. 36ಕ್ಕೆ ಒಬ್ಳು 4×9 ಅಂತ ಕೊಂಬೆ ಬಿಡ್ತಾಳೆ, ಇನ್ನೊಬ್ಬ 2×18 ಅಂತಾನೆ, ಮರ ಬೇರೆ ಬೇರೆ, ಆದ್ರೆ ಕೆಳಗೆ ಇಬ್ರಿಗೂ 2, 2, 3, 3 ಬರುತ್ತೆ. 1ನ್ನೂ ಅವಿಭಾಜ್ಯ ಅಂತ ಒಪ್ಪಿದ್ರೆ 2, 2, 3, 3, 1, 1, 1 ಅಂತ ಬರೀತಾನೇ ಇರ್ಬೇಕು, ಎಷ್ಟು 1 ಅಂತ ಇಬ್ರೂ ಜಗಳ ಆಡ್ಬೇಕು. ಮಕ್ಕಳು ಈ ಕಾರಣ ತಕ್ಷಣ ಒಪ್ಕೋತಾರೆ.

ಮರಕ್ಕೆ ಎದುರಾಳಿ ಸ್ಕೂಲಲ್ಲಿ ಮಾಡ್ಸೋ ಭಾಗಾಕಾರ ವಿಧಾನ. ಫಾಸ್ಟ್ ಇದೆ, ಪರೀಕ್ಷೆಗೆ ಅದೇ ಬೇಕು, ಬೇಡ ಅನ್ನಲ್ಲ. ತೊಂದ್ರೆ ಎಲ್ಲಿ ಅಂದ್ರೆ 24, 36 ಅಕ್ಕಪಕ್ಕ ಬರ್ದು ಭಾಗಿಸೋವಾಗ ಮ.ಸಾ.ಅ.ಗೆ (ಎರಡಕ್ಕೂ ಸೇರಿದ ಅತಿ ದೊಡ್ಡ ಅಪವರ್ತನ) ಎರಡನ್ನೂ ಭಾಗಿಸೋ ಸಂಖ್ಯೆ ಸಿಗ್ದೇ ಇದ್ರೆ ನಿಲ್ಲಿಸ್ಬೇಕು, ಲ.ಸಾ.ಅ.ಗೆ ಒಂದು ಭಾಗ ಆದ್ರೂ ಮುಂದುವರೀಬೇಕು, ಈ ಎರಡು ರೂಲ್ ಕಲಸಿಹೋಗಿ ಮ.ಸಾ.ಅ. 72 ಅಂತ ಬರೀತಾರೆ. 24ರ ಒಳಗೆ 72 ಹೇಗಪ್ಪಾ ಕೂರುತ್ತೆ ಅಂತ ಕೇಳಿದ್ರೆ, ಬೀಜ ಜೋಡ್ಸಿ ಬಂದ ಮಕ್ಕಳು ತಾವೇ ನಕ್ಕು ಅಳಿಸ್ತಾರೆ, ನೇರ ಭಾಗಾಕಾರಕ್ಕೆ ಬಂದೋರು ಉತ್ತರ ಸರಿ ಇದೆಯಲ್ಲ ಮಿಸ್ ಅಂತ ನನ್ನನ್ನೇ ನೋಡ್ತಾರೆ.